ಕೆಲವು ನಗರ ವಿಮಾನ ನಿಲ್ದಾಣಗಳಲ್ಲಿ ದೂರದ ವಿಮಾನಗಳಿಗೆ ನಿರ್ಬಂಧ: ನಾಗರಿಕರಿಗೆ ಮಾಹಿತಿ

ಒಂದೇ ನಗರಕ್ಕೆ ಒಂದಕ್ಕಿಂತ ಹೆಚ್ಚು ವಿಮಾನ ನಿಲ್ದಾಣಗಳಿರುವೆಡೆ, ನಗರಕ್ಕೆ ಸಮೀಪದ ನಿಲ್ದಾಣದಿಂದ ನಿಗದಿತ ದೂರಕ್ಕಿಂತ ಆಚೆಗೆ ತಡೆರಹಿತ ವಿಮಾನಗಳನ್ನು ನಿರ್ಬಂಧಿಸುವ ಕ್ರಮವುಂಟು. ಅಮೆರಿಕ ಸಂಯುಕ್ತ ಸಂಸ್ಥಾನದ ಎರಡು ನಿಲ್ದಾಣಗಳಲ್ಲಿ ಈ ನಿಯಮ ಜಾರಿಯಲ್ಲಿದ್ದು, ಅಲ್ಲಿಗೆ ತೆರಳುವವರು ಇದನ್ನು ಅರಿತಿರುವುದು ಸೂಕ್ತ.

ನಿಯಮದ ವಿವರ

1. ಲಾಗಾರ್ಡಿಯ, ನ್ಯೂಯಾರ್ಕ್: 1984ರಿಂದ 1,500 ಮೈಲಿಗಳ (ಸುಮಾರು 2,414 ಕಿ.ಮೀ.) ಮಿತಿ ಇರುತ್ತದೆ. ಡೆನ್ವರ್ ನಗರಕ್ಕೆ ಹಾಗೂ ಶನಿವಾರದ ಸಂಚಾರಕ್ಕೆ ವಿನಾಯಿತಿ ನೀಡಲಾಗಿದೆ. ನಿಯಮವನ್ನು ವಿಧಿಸಿರುವುದು ನಿಲ್ದಾಣವನ್ನು ನಿರ್ವಹಿಸುವ ಬಂದರು ಪ್ರಾಧಿಕಾರ.

2. ರೊನಾಲ್ಡ್ ರೇಗನ್ ನಿಲ್ದಾಣ, ವಾಷಿಂಗ್ಟನ್: 1,250 ಮೈಲಿಗಳ (ಸುಮಾರು 2,012 ಕಿ.ಮೀ.) ಮಿತಿಯನ್ನು ಒಕ್ಕೂಟ ಸರ್ಕಾರದ ಕಾಯ್ದೆಯಲ್ಲಿಯೇ ನಿಗದಿಪಡಿಸಲಾಗಿದೆ. ಆದ್ದರಿಂದ ಪ್ರತಿ ಸಡಿಲಿಕೆಗೂ ಶಾಸನಸಭೆಯ ಅನುಮೋದನೆ ಬೇಕು. 2024ರ ಕಾಯ್ದೆಯು ಮಿತಿಯಾಚೆಗಿನ ಸಂಚಾರಕ್ಕೆ ದಿನಕ್ಕೆ ಇನ್ನೂ 5 ಹೋಗಿಬರುವ ವಿಮಾನಗಳಿಗೆ ಅವಕಾಶ ನೀಡಿತು.

3. ಲವ್ ಫೀಲ್ಡ್, ಡಲ್ಲಾಸ್: ಇಲ್ಲಿ ಇದ್ದ ಇಂತಹದೇ ನಿರ್ಬಂಧವು 2014ರ ಅಕ್ಟೋಬರ್ 13ರಂದು ಕೊನೆಗೊಂಡಿತು.

ಕಾರಣಗಳು

ರನ್‌ವೇ ಚಿಕ್ಕದೆಂಬುದೇ ಕಾರಣವೆಂದು ಹಲವರು ಭಾವಿಸುತ್ತಾರೆ. ವಿನಾಯಿತಿ ಪಡೆದ ದೂರದ ವಿಮಾನಗಳು ಅದೇ ರನ್‌ವೇಯಿಂದ ಹಾರುವುದರಿಂದ ಇದು ಪೂರ್ಣ ಉತ್ತರವಲ್ಲ. ಮುಖ್ಯ ಉದ್ದೇಶಗಳು ಇಂತಿವೆ:

(ಅ) ಸ್ಥಳಾವಕಾಶ ಕಡಿಮೆಯಿರುವ ನಿಲ್ದಾಣದಲ್ಲಿ ದಟ್ಟಣೆ ಮತ್ತು ಸುತ್ತಲಿನ ನಿವಾಸಿಗಳಿಗೆ ಶಬ್ದದ ತೊಂದರೆಯನ್ನು ಮಿತಿಗೊಳಿಸುವುದು.

(ಆ) ದೂರದ ಸಂಚಾರವನ್ನು ಜೆ.ಎಫ್. ಕೆನಡಿ, ನ್ಯೂವಾರ್ಕ್, ಡಲಸ್‌ನಂತಹ ದೊಡ್ಡ ನಿಲ್ದಾಣಗಳಿಗೆ ಸಾಗಿಸುವುದು. 1962ರಲ್ಲಿ ತೆರೆದ ಡಲಸ್ ನಿಲ್ದಾಣವು ಆರಂಭದಲ್ಲಿ ಸಾಕಷ್ಟು ಪ್ರಯಾಣಿಕರಿಲ್ಲದೆ ಉಳಿದಿತ್ತು.

(ಇ) ಸಮೀಪದ ಸಣ್ಣ ನಗರಗಳ ಸಂಪರ್ಕವನ್ನು ಕಾಪಾಡುವುದು.

ನಿಯಮದಿಂದ ಪ್ರಯಾಣಿಕರ ಆಯ್ಕೆ ಮತ್ತು ಸಂಸ್ಥೆಗಳ ನಡುವಣ ಪೈಪೋಟಿ ಕುಗ್ಗುತ್ತದೆಂಬ ಆಕ್ಷೇಪಣೆಯೂ ಇದೆ.

ಬೆಂಗಳೂರಿನ ಕ್ರಮ ಇದಕ್ಕಿಂತ ಭಿನ್ನ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಆರಂಭವಾದಾಗ, ದೂರದ ಭೇದವಿಲ್ಲದೆ ಎಚ್.ಎ.ಎಲ್. ನಿಲ್ದಾಣದ ನಿಗದಿತ ಪ್ರಯಾಣಿಕ ಸೇವೆಯನ್ನು ಅಲ್ಲಿಗೆ ಸ್ಥಳಾಂತರಿಸಲಾಯಿತು.

ಪ್ರಯಾಣಿಕರ ಗಮನಕ್ಕೆ

ಭಾರತದಿಂದ ನ್ಯೂಯಾರ್ಕ್‌ಗೆ ನೇರವಾಗಿ ಬರುವ ವಿಮಾನಗಳು ಲಾಗಾರ್ಡಿಯದಲ್ಲಿ ಇಳಿಯುವುದಿಲ್ಲ. ಮುಂದಿನ ವಿಮಾನ ಲಾಗಾರ್ಡಿಯದಿಂದ ಇದ್ದಲ್ಲಿ, ವಲಸೆ ಹಾಗೂ ಕಸ್ಟಮ್ಸ್ ತಪಾಸಣೆ ಮುಗಿಸಿ, ಸಾಮಾನು ಪಡೆದು, ನಗರದ ಸಂಚಾರದ ನಡುವೆ ಮತ್ತೊಂದು ನಿಲ್ದಾಣಕ್ಕೆ ತೆರಳಬೇಕಾಗುತ್ತದೆ. ಆದಕಾರಣ ಟಿಕೆಟ್‌ನಲ್ಲಿ ನಗರದ ಹೆಸರನ್ನಷ್ಟೇ ನೋಡದೆ ನಿಲ್ದಾಣದ ಹೆಸರನ್ನೂ ಪರಿಶೀಲಿಸತಕ್ಕದ್ದು. ಎರಡು ವಿಮಾನಗಳ ನಡುವೆ ಸಾಕಷ್ಟು ಕಾಲಾವಕಾಶ ಇರಿಸಿಕೊಳ್ಳತಕ್ಕದ್ದು.