ಗರ್ಭಿಣಿಯರ ವರ್ಣತಂತು ತಪಾಸಣೆ: ‘ಹೈ ರಿಸ್ಕ್’ ವರದಿಯ ಅರ್ಥವೇನು?

ಗರ್ಭಸ್ಥ ಶಿಶುವಿಗೆ ಡೌನ್ ಸಿಂಡ್ರೋಮ್‌ನಂತಹ ವರ್ಣತಂತು ದೋಷವಿರುವ ಸಾಧ್ಯತೆಯನ್ನು ಅಂದಾಜಿಸುವ ಪರೀಕ್ಷೆಯೇ ಸ್ಕ್ರೀನಿಂಗ್. ಶಿಶುವಿಗೆ ದೋಷವಿಲ್ಲದಿದ್ದರೂ ವರದಿಯಲ್ಲಿ ‘ಹೈ ರಿಸ್ಕ್’ ಎಂದು ಬಂದರೆ ಅದನ್ನು ಫಾಲ್ಸ್ ಪಾಸಿಟಿವ್, ಅಂದರೆ ಹುಸಿ ಪಾಸಿಟಿವ್ ಎನ್ನುತ್ತಾರೆ. ಗರ್ಭಸ್ಥ ಶಿಶುವೂ ಪಂಚೇಂದ್ರಿಯ ಜೀವವೆಂದು ನಂಬಿ ಅಹಿಂಸಾಣುವ್ರತ ಪಾಲಿಸುವ ಶ್ರಾವಕ ಕುಟುಂಬಗಳು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿದಿರಬೇಕು.

ಮುಖ್ಯ ಪರೀಕ್ಷೆಗಳು

11ರಿಂದ 14ನೇ ವಾರದೊಳಗೆ ಎನ್‌ಟಿ ಸ್ಕ್ಯಾನ್ ಹಾಗೂ ಡಬಲ್ ಮಾರ್ಕರ್ ರಕ್ತಪರೀಕ್ಷೆ ಮಾಡುತ್ತಾರೆ. 15ನೇ ವಾರದ ನಂತರ ಕ್ವಾಡ್ರುಪಲ್ ಪರೀಕ್ಷೆ ಇದೆ. 10ನೇ ವಾರದಿಂದ ಮಾಡಬಹುದಾದ ಎನ್‌ಐಪಿಟಿ ತಾಯಿಯ ರಕ್ತದಲ್ಲಿರುವ ಡಿಎನ್‌ಎ ತುಣುಕುಗಳನ್ನು ಪರಿಶೀಲಿಸುತ್ತದೆ. ತಾಯಿಯ ರಕ್ತದಲ್ಲಿ ಶಿಶುವಿನ ಕಡೆಯ ಡಿಎನ್‌ಎ ಇರುವುದನ್ನು ಡೆನ್ನಿಸ್ ಲೋ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದರು.

ಲೆಕ್ಕ ಹೇಗೆ?

ಸಾವಿರಕ್ಕೆ ಒಂದು ಶಿಶುವಿಗೆ ದೋಷವಿರುವ ವಯೋಮಾನದ 10,000 ಗರ್ಭಿಣಿಯರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದೋಷವಿರುವ ಶಿಶುಗಳು 10. ಹುಸಿ ಪಾಸಿಟಿವ್ ಪ್ರಮಾಣ ಶೇ. 5 ಇರುವ ಡಬಲ್ ಮಾರ್ಕರ್ ಮಾದರಿಯ ತಪಾಸಣೆ ಇವರಲ್ಲಿ ಸುಮಾರು 9 ಶಿಶುಗಳನ್ನು ಗುರುತಿಸಿದರೆ, ಜೊತೆಗೆ ಸುಮಾರು 500 ಆರೋಗ್ಯವಂತ ಶಿಶುಗಳಿಗೂ ‘ಹೈ ರಿಸ್ಕ್’ ಎನ್ನುತ್ತದೆ. ಎನ್‌ಐಪಿಟಿಯಲ್ಲಿ ಹುಸಿ ಪ್ರಮಾಣ ಶೇ. 0.1 ಎಂದು ಹಿಡಿದರೂ ಸುಮಾರು 10 ನಿಜ, 10 ಹುಸಿ. ಅಂದರೆ ‘ಶೇ. 99 ನಿಖರ’ ಎನ್ನುವ ಪರೀಕ್ಷೆಯ ಪಾಸಿಟಿವ್ ವರದಿಯೂ ಇಲ್ಲಿ ಅರ್ಧದಷ್ಟು ಬಾರಿ ತಪ್ಪು. ತಾಯಿಯ ವಯಸ್ಸು ಹೆಚ್ಚಿದಂತೆ ದೋಷದ ಸಾಧ್ಯತೆ ಹೆಚ್ಚುವುದರಿಂದ ಪಾಸಿಟಿವ್ ವರದಿ ನಿಜವಾಗುವ ಸಂಭವವೂ ಹೆಚ್ಚುತ್ತದೆ. ಮೈಕ್ರೋಡಿಲೀಶನ್‌ನಂತಹ ಅತಿ ವಿರಳ ದೋಷಗಳಲ್ಲಿ ಹುಸಿ ವರದಿಗಳ ಪಾಲು ಇನ್ನೂ ದೊಡ್ಡದು. ಈ ಕುರಿತು ಅಮೆರಿಕದ ಎಫ್‌ಡಿಎ 2022ರ ಏಪ್ರಿಲ್‌ನಲ್ಲಿ ಎಚ್ಚರಿಸಿದೆ.

ಕಾರಣಗಳು

ಎನ್‌ಐಪಿಟಿ ಓದುವ ತುಣುಕುಗಳು ಬಹುಪಾಲು ಮಾಸುಚೀಲದಿಂದ, ಅಂದರೆ ಪ್ಲಸೆಂಟಾದಿಂದ ಬರುತ್ತವೆ. ಕೆಲವೊಮ್ಮೆ ದೋಷ ಪ್ಲಸೆಂಟಾದಲ್ಲಷ್ಟೇ ಇರುತ್ತದೆ, ಶಿಶುವಿನಲ್ಲಿ ಇರುವುದಿಲ್ಲ. ಆರಂಭದಲ್ಲೇ ಕರಗಿಹೋದ ಅವಳಿ ಭ್ರೂಣ, ತಾಯಿಯದೇ ವರ್ಣತಂತು ವ್ಯತ್ಯಾಸ, ಅಪರೂಪಕ್ಕೆ ತಾಯಿಯಲ್ಲಿರುವ ಗೆಡ್ಡೆ ಕೂಡ ಕಾರಣ. ಡಬಲ್ ಮಾರ್ಕರ್‌ನಲ್ಲಿ ಗರ್ಭದ ವಾರಗಳ ಎಣಿಕೆ ತಪ್ಪಿದರೂ ಫಲಿತಾಂಶ ಏರುಪೇರಾಗುತ್ತದೆ.

ಮುಂದೇನು?

ಖಚಿತ ಉತ್ತರ ಕೊಡುವುದು ಆಮ್ನಿಯೋಸೆಂಟೆಸಿಸ್. 15ನೇ ವಾರದ ನಂತರ ಗರ್ಭಜಲ ತೆಗೆದು ಶಿಶುವಿನ ಜೀವಕೋಶ ಪರೀಕ್ಷಿಸುತ್ತಾರೆ. ಇದರಿಂದ ಗರ್ಭಪಾತವಾಗುವ ಅಪಾಯ ಅಲ್ಪವಾದರೂ ಇದೆ. ಆದ್ದರಿಂದ ಮಾಡಿಸಬೇಕೇ ಎಂಬುದನ್ನು ವೈದ್ಯರು ಅಥವಾ ಜೆನೆಟಿಕ್ ಕೌನ್ಸೆಲರ್ ಜೊತೆ ಚರ್ಚಿಸಿ ದಂಪತಿ ನಿರ್ಧರಿಸಬೇಕು. ಪೂರ್ಣ ವರದಿಗೆ ಸಾಮಾನ್ಯವಾಗಿ ಎರಡು ವಾರ ಬೇಕು. ಸ್ಕ್ರೀನಿಂಗ್ ವರದಿಯೊಂದನ್ನೇ ನಂಬಿ ಗರ್ಭಪಾತಕ್ಕೆ ಮುಂದಾಗಬಾರದು ಎಂಬುದು ವೈದ್ಯಶಾಸ್ತ್ರದ ನಿಲುವೂ ಹೌದು.

ಪಿಸಿಪಿಎನ್‌ಡಿಟಿ ಕಾಯ್ದೆ 1994ರ ಪ್ರಕಾರ ಈ ಯಾವ ಪರೀಕ್ಷೆಯಲ್ಲೂ ಶಿಶುವಿನ ಲಿಂಗ ತಿಳಿಸುವುದು ಅಪರಾಧ. ದೋಷ ಖಚಿತವಾದರೂ ಡೌನ್ ಸಿಂಡ್ರೋಮ್ ಇರುವ ಮಕ್ಕಳು ಸೂಕ್ತ ಆರೈಕೆ, ಶಿಕ್ಷಣ ದೊರೆತರೆ ಕಲಿಯುತ್ತಾರೆ, ದುಡಿಯುತ್ತಾರೆ, ಕುಟುಂಬದೊಂದಿಗೆ ಬಾಳುತ್ತಾರೆ. ನಿರ್ಧಾರಕ್ಕೆ ಮೊದಲು ಇದನ್ನೂ ತಿಳಿಯುವುದು ಒಳಿತು.