ಕೈಪಿಡಿಗಳ ರೂಪಾಂತರ

ಒಂದೇ ಮೂಲಬರಹದಿಂದ ಪರದೆ, ಮುದ್ರಣ, ಜಾಲಪುಟಗಳಿಗೆ ಬೇಕಾದ ಬೇರೆಬೇರೆ ಪ್ರತಿಗಳನ್ನು ತಂತ್ರಾಂಶದಿಂದ ಪಡೆಯುವ ವಿಧಾನ. ಹಲವರು ಸೇರಿ ಬರೆದು ತಿದ್ದುವ ಕಂಪ್ಯೂಟರ್ ಕೈಪಿಡಿಗಳಿಂದ ಇದು ಬೆಳೆಯಿತು. ಒಬ್ಬರ ಬಳಿ ಅಕ್ಷರವನ್ನಷ್ಟೇ ತೋರಿಸುವ ಟರ್ಮಿನಲ್, ಇನ್ನೊಬ್ಬರ ಬಳಿ ಅಚ್ಚಿಗೆ ಅಕ್ಷರ ಜೋಡಿಸುವ ಯಂತ್ರ; ಎರಡಕ್ಕೂ ಪ್ರತ್ಯೇಕ ಕಡತ ಇಟ್ಟರೆ ಒಂದರ ತಿದ್ದುಪಡಿ ಇನ್ನೊಂದಕ್ಕೆ ದಾಟದೆ ಉಳಿಯುತ್ತಿತ್ತು.

ಆರಂಭ

ಎಂಐಟಿಯ ಜೆರೋಮ್ ಸಾಲ್ಟ್‌ಜರ್ 1964ರಲ್ಲಿ ಸಿಟಿಎಸ್‌ಎಸ್ ಕಂಪ್ಯೂಟರ್ ವ್ಯವಸ್ಥೆಗೆ ಬರೆದ ‘ರನ್‌ಆಫ್’ ತಂತ್ರಾಂಶದಲ್ಲಿ, ಚುಕ್ಕಿಯಿಂದ ಶುರುವಾಗುವ ಸಾಲುಗಳು ಪುಟವಿನ್ಯಾಸದ ಆಜ್ಞೆಗಳಾಗಿದ್ದವು. ಈ ಪದ್ಧತಿ ಬೆಲ್ ಲ್ಯಾಬ್ಸ್ ಸೇರಿ ‘ರಾಫ್’ ಆಯಿತು. ಅಲ್ಲಿಯ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೊದಲ ಕೈಪಿಡಿ ರಾಫ್‌ನಲ್ಲೇ ಸಿದ್ಧವಾಗಿ 1971ರ ನವೆಂಬರಿನಲ್ಲಿ ಹೊರಬಂತು. ಬಳಿಕ ಬೆಲ್ ಲ್ಯಾಬ್ಸ್‌ನ ಜೋ ಒಸ್ಸಾನ್ನ ಎರಡು ತಂತ್ರಾಂಶ ಕೊಟ್ಟರು: ಟರ್ಮಿನಲ್‌ಗೆ ‘ಎನ್‌ರಾಫ್’, ಅಕ್ಷರ ಜೋಡಿಸುವ ಯಂತ್ರವಾದ ಫೋಟೊಟೈಪ್‌ಸೆಟರ್‌ಗೆ ‘ಟಿರಾಫ್’. ಕಡತ ಒಂದೇ, ‘ಟರ್ಮಿನಲ್ಲಾದರೆ ಹೀಗೆ, ಅಚ್ಚಾದರೆ ಹಾಗೆ’ ಎಂಬ ಷರತ್ತನ್ನೂ ಅದರೊಳಗೇ ಬರೆಯಬಹುದಿತ್ತು. ಆದರೆ ಟಿರಾಫ್ ಒಂದೇ ಮಾದರಿಯ ಯಂತ್ರಕ್ಕೆ ಕಟ್ಟುಬಿದ್ದಿತ್ತು. ಒಸ್ಸಾನ್ನ ತೀರಿಕೊಂಡ ಮೇಲೆ ಬ್ರಯಾನ್ ಕರ್ನಿಘನ್ ಅದನ್ನು ಪುನರ್ರಚಿಸಿ, ಯಾವ ಯಂತ್ರಕ್ಕೂ ಸೇರದ ನಡುವಣ ಸಂಕೇತವೊಂದನ್ನು ತಂದರು. ಅದನ್ನು ಓದುವ ಪುಟ್ಟ ತಂತ್ರಾಂಶ ಬರೆದರೆ ಹೊಸ ಯಂತ್ರವೂ ಒಗ್ಗುತ್ತಿತ್ತು.

ಅಂದಕ್ಕಿಂತ ಅರ್ಥ

ಚುಕ್ಕಿ ಆಜ್ಞೆಗಳಲ್ಲಿ ಬಹಳಷ್ಟು ‘ಇಲ್ಲಿ ಸಾಲು ಬಿಡು, ಅಲ್ಲಿ ಓರೆಯಕ್ಷರ ಹಾಕು’ ಎನ್ನುವಂಥವು. ಓರೆಯಕ್ಷರ ಪುಸ್ತಕದ ಹೆಸರಿಗೋ ಒತ್ತುಪದಕ್ಕೋ ಎಂಬುದು ಕಡತಕ್ಕೆ ಗೊತ್ತಿರಲಿಲ್ಲ. ಐಬಿಎಂನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಶರ್, ರೇಮಂಡ್ ಲೋರಿ 1969ರಲ್ಲಿ ರೂಪಿಸಿದ ಜಿಎಂಎಲ್, ಭಾಗವು ಏನೆಂದು ಗುರುತಿಸಿ, ಹೇಗೆ ಕಾಣಬೇಕೆಂಬುದನ್ನು ಬೇರೆಡೆಗೆ ಬಿಟ್ಟಿತು. 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಜಿಎಂಎಲ್ ಇದರ ಮುಂದುವರಿಕೆ. ಇಡೀ ಇತಿಹಾಸದಲ್ಲಿ ಹೆಚ್ಚು ತೂಕದ ಹೆಜ್ಜೆ ಅಂದದಿಂದ ಅರ್ಥವನ್ನು ಬೇರ್ಪಡಿಸಿದ್ದೇ ಎನ್ನಬಹುದು.

ಮುಕ್ತ ತಂತ್ರಾಂಶದ ಗ್ನೂ ಯೋಜನೆಯ ‘ಟೆಕ್ಸ್‌ಇನ್ಫೊ’ ಎಸ್‌ಜಿಎಂಎಲ್ ಮಾನಕವಾದ ದಶಕದ್ದೇ. ರಿಚರ್ಡ್ ಸ್ಟಾಲ್‌ಮನ್ ಇದಕ್ಕೆ ಬ್ರಯಾನ್ ರೀಡ್‌ರ ‘ಸ್ಕ್ರೈಬ್’ ತಂತ್ರಾಂಶದಿಂದ @ ಚಿಹ್ನೆಯ ಆಜ್ಞೆಗಳನ್ನು ಪಡೆದರು, ರಾಬರ್ಟ್ ಚಾಸೆಲ್ ಬೆಳೆಸಿದರು. ಒಂದೇ ಕಡತ ಅಚ್ಚುಜೋಡಣೆಯ ತಂತ್ರಾಂಶ ‘ಟೆಕ್’ ಮೂಲಕ ಪುಸ್ತಕವಾಗುತ್ತಿತ್ತು, ‘ಮೇಕ್‌ಇನ್ಫೊ’ ಮೂಲಕ ಟರ್ಮಿನಲ್‌ನಲ್ಲಿ ಕೊಂಡಿಯಿಂದ ಕೊಂಡಿಗೆ ಸಾಗಿ ಓದುವ ಪಠ್ಯವಾಗುತ್ತಿತ್ತು. ಜಾಲಪುಟಗಳ ಎಚ್‌ಟಿಎಂಎಲ್ ಬಂದಾಗ ಬೇಕಾದದ್ದು ಹೊಸ ಪರಿವರ್ತಕ ಮಾತ್ರ, ಕೈಪಿಡಿಗಳನ್ನು ಮರಳಿ ಬರೆಯಬೇಕಾಗಲಿಲ್ಲ.

ಲಿನಕ್ಸ್ ದಾಖಲೀಕರಣ ಯೋಜನೆಗಾಗಿ ಮ್ಯಾಟ್ ವೆಲ್ಶ್ ಎಸ್‌ಜಿಎಂಎಲ್ ಆಧರಿಸಿ ‘ಲಿನಕ್ಸ್‌ಡಾಕ್’ ಕಟ್ಟಿದರು. ಸ್ವಯಂಸೇವಕರು ಬರೆದ ‘ಹೌಟು’ ಕೈಪಿಡಿಗಳು ಸಾದಾ ಪಠ್ಯ, ಜಾಲಪುಟ, ಮುದ್ರಣ ಮೂರಕ್ಕೂ ಹೋಗುತ್ತಿದ್ದವು. ಯೋಜನೆ ಆಮೇಲೆ ಹೆಚ್ಚು ವಿಸ್ತಾರವಾದ, ಬರೆಯಲು ಹೆಚ್ಚು ಬೇಸರದ ‘ಡಾಕ್‌ಬುಕ್’ಗೆ ಹೊರಳಿತು.

ಪ್ಯಾಂಡಾಕ್

ಬರ್ಕ್ಲಿಯ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಹೊರತಂದ ‘ಪ್ಯಾಂಡಾಕ್’ ಕರ್ನಿಘನ್‌ರ ನಡುವಣ ಸಂಕೇತದಂಥ ಉಪಾಯವನ್ನು ಓದುವ, ಬರೆಯುವ ಎರಡೂ ದಿಕ್ಕಿಗೆ ಹಿಗ್ಗಿಸಿತು. ಹತ್ತು ಮಾದರಿಗಳ ನಡುವೆ ನೇರ ಪರಿವರ್ತನೆಗೆ 90 ತಂತ್ರಾಂಶ ಬೇಕು. ಮಧ್ಯೆ ಒಂದು ರೂಪವಿದ್ದರೆ ಓದಲು 10, ಬರೆಯಲು 10 ಸಾಕು. ಆ ರೂಪದಲ್ಲಿ ಜಾಗವಿಲ್ಲದ್ದು, ಜಟಿಲವಾದ ಕೋಷ್ಟಕ ಅಥವಾ ಪುಟದ ಅಂಚಿನಂಥದು, ದಾರಿಯಲ್ಲಿ ಉದುರಿಹೋಗುತ್ತದೆ.

ಕನ್ನಡದಲ್ಲಿ

ಕನ್ನಡಕ್ಕೆ ತೊಡಕು ಪುಟವಿನ್ಯಾಸಕ್ಕೂ ಒಂದು ಮೆಟ್ಟಿಲು ಕೆಳಗೆ, ಅಕ್ಷರದಲ್ಲೇ ಇತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಸೇರಿ ಹಳೆಯ ತಂತ್ರಾಂಶಗಳ ಕಡತಗಳಲ್ಲಿ ಸಂಕೇತ ಇದ್ದದ್ದು ಅಕ್ಷರಕ್ಕಲ್ಲ, ಅದರ ಆಕಾರದ ತುಣುಕುಗಳಿಗೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಇವನ್ನು ಅಕ್ಷರಕ್ಕೇ ಸಂಕೇತ ಕೊಡುವ ಯುನಿಕೋಡ್‌ಗೆ ತರುವ ಪರಿವರ್ತಕಗಳು ತುಣುಕುಗಳನ್ನು ಕೂಡಿಸುವುದಷ್ಟೇ ಅಲ್ಲ, ಕ್ರಮವನ್ನೂ ಬದಲಿಸಬೇಕು. ‘ಸೂರ್ಯ’ದ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಹಳೆಯ ಕಡತದಲ್ಲಿ ‘ಯ’ದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರಣೆಯಂತೆ ‘ರ’ ಮೊದಲು. ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡದ ತುಣುಕೆಂದೇ ಓದಿಬಿಡಬಹುದು. ಯಾವ ಭಾಗ ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿ ಉಳಿದಿದ್ದರೆ ಮಾತ್ರ ಎರಡನ್ನೂ ಸರಿಯಾಗಿ ಬೇರ್ಪಡಿಸಬಹುದು.