ವ್ಯಾಪಾರ ಕುಗ್ಗುವ ತಿಂಗಳುಗಳು: ಇತಿಹಾಸ ನಮಗೆ ಕಲಿಸುವ ಪಾಠ

ಹೊಸೂರು ರಸ್ತೆಯ ಬದಿಯ ಹೆಬ್ಬಗೋಡಿಯು ಒಂದು ಕಾಲಕ್ಕೆ ಆನೇಕಲ್ ತಾಲೂಕಿನ ಹಲವು ಹಳ್ಳಿಗಳಲ್ಲಿ ಒಂದಾಗಿತ್ತು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಸಮೀಪದಲ್ಲೇ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಬೊಮ್ಮಸಂದ್ರ ಮತ್ತು ಜಿಗಣಿಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದವು. ಅವುಗಳ ಬೆನ್ನಿಗೆ ಸಾವಿರಾರು ಕಾರ್ಮಿಕರು ಬಂದರು. ಕಾರ್ಮಿಕರ ಬೆನ್ನಿಗೆ ಬೇಕರಿ, ಹೋಟೆಲು, ಕೋಳಿ ಅಂಗಡಿ, ಪಂಕ್ಚರ್ ಅಂಗಡಿ, ಹೊಲಿಗೆ ಅಂಗಡಿ, ಗುಜರಿ ಅಂಗಡಿಗಳು ಬಂದವು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೋ ಹಳದಿ ಮಾರ್ಗವೂ ಆರಂಭವಾಗಿ, ಹೆಬ್ಬಗೋಡಿಗೆ ತನ್ನದೇ ನಿಲ್ದಾಣ ದೊರೆಯಿತು. ಈ ಸಣ್ಣ ಅಂಗಡಿಗಳನ್ನು ನಂಬಿ ಬದುಕುವ ಕುಟುಂಬಗಳಲ್ಲಿ ನಮ್ಮ ಸಮುದಾಯದವರೂ ಬಹಳಷ್ಟಿದ್ದಾರೆ.

ಆದರೆ ಇಲ್ಲಿಯ ವ್ಯಾಪಾರ ವರ್ಷದ ಹನ್ನೆರಡು ತಿಂಗಳೂ ಒಂದೇ ಸಮನೆ ನಡೆಯುವುದಿಲ್ಲ. ದೀಪಾವಳಿ ಮತ್ತು ಛಠ್ ಹಬ್ಬಗಳಿಗೆ ಬಿಹಾರ, ಉತ್ತರ ಪ್ರದೇಶದ ಕಾರ್ಮಿಕರು ಊರಿಗೆ ಹೊರಟರೆ ಹೋಟೆಲುಗಳು ಬರಿದಾಗುತ್ತವೆ. ಪೊಂಗಲ್‌ಗೆ ತಮಿಳುನಾಡಿನವರು ಹೋಗುತ್ತಾರೆ. ಆಷಾಢದಲ್ಲಿ ನೆರೆಹೊರೆಯ ಹಿಂದೂ ಬಾಂಧವರಲ್ಲಿ ಮದುವೆಗಳಿಲ್ಲ. ಶಾಮಿಯಾನ, ಹೊಲಿಗೆ, ಅಡುಗೆ ಗುತ್ತಿಗೆಯವರ ಕೈ ಖಾಲಿ. ಮಳೆ ಹಿಡಿದರೆ ಕಟ್ಟಡ ಕೆಲಸ ನಿಧಾನವಾಗಿ, ವೆಲ್ಡಿಂಗ್ ಶೆಡ್ಡುಗಳಿಗೂ ಹಾರ್ಡ್‌ವೇರ್ ಅಂಗಡಿಗಳಿಗೂ ಬಿಸಿ ತಟ್ಟುತ್ತದೆ. ಗಿರಾಕಿ ಬರಲಿ, ಬಾರದಿರಲಿ, ಬಾಡಿಗೆ ಮಾತ್ರ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಎದುರು ನಿಲ್ಲುತ್ತದೆ. ಇಂತಹ ಹೊತ್ತಿನಲ್ಲೇ ಎಷ್ಟೋ ಮಂದಿ ಮೀಟರ್ ಬಡ್ಡಿಯವರ ಬಾಗಿಲು ತಟ್ಟುತ್ತಾರೆ. ಮೂರು ತಿಂಗಳ ಮಂದಗತಿಯು ಮೂರು ವರ್ಷದ ಸಾಲವಾಗಿ ಬೆಳೆಯುವುದು ಹೀಗೆ.

ಇದು ನಮ್ಮ ಕಾಲಕ್ಕೆ ಮಾತ್ರ ಬಂದ ಕಷ್ಟವೇ? ಇಸ್ಲಾಮಿನ ಇತಿಹಾಸವನ್ನು ತೆರೆದು ನೋಡಿದರೆ, ಪ್ರವಾದಿ ಮುಹಮ್ಮದ್(ಸ)ರು ಹುಟ್ಟಿದ ನಗರವೇ ಋತುಮಾನದ ವ್ಯಾಪಾರವನ್ನು ನಂಬಿ ಬದುಕಿದ್ದ ನಗರವೆಂಬುದು ತಿಳಿಯುತ್ತದೆ.

ಎರಡು ಯಾತ್ರೆಗಳ ನಗರ

ಮಕ್ಕಾ ಕೃಷಿಯಿಲ್ಲದ ಕಣಿವೆ. ಅಲ್ಲಿ ಬೆಳೆ ಬೆಳೆಯುವುದಿಲ್ಲ. ಹೊರಗಿನಿಂದ ತಂದರೆ ಮಾತ್ರ ಅನ್ನ. ಪವಿತ್ರ ಕುರ್‌ಆನಿನ 106ನೆಯ ಅಧ್ಯಾಯವಾದ ಕುರೈಶ್, ಆ ಜನರ ಚಳಿಗಾಲದ ಮತ್ತು ಬೇಸಿಗೆಯ ಯಾತ್ರೆಗಳನ್ನು ನೆನಪಿಸುತ್ತದೆ. ವ್ಯಾಖ್ಯಾನಕಾರರು ವಿವರಿಸಿರುವಂತೆ, ಚಳಿಗಾಲದಲ್ಲಿ ಸಾರ್ಥವು ಬೆಚ್ಚಗಿನ ಯಮನ್‌ನತ್ತ ಸಾಗುತ್ತಿತ್ತು; ಬೇಸಿಗೆಯಲ್ಲಿ ತಂಪಾದ ಸಿರಿಯಾದತ್ತ. ಒಂದು ಮಾರುಕಟ್ಟೆ ಸಾಧ್ಯವಾಗದ ಕಾಲಕ್ಕೆ ಮತ್ತೊಂದು ಮಾರುಕಟ್ಟೆಯನ್ನು ಅವರು ಸಿದ್ಧವಾಗಿಟ್ಟುಕೊಂಡಿದ್ದರು.

ಈ ವ್ಯವಸ್ಥೆಯನ್ನು ರೂಢಿಗೆ ತಂದವರು ಪ್ರವಾದಿ(ಸ)ಯವರ ಮುತ್ತಾತ ಹಾಶಿಮ್ ಎಂದು ಇತಿಹಾಸಕಾರರು ಹೇಳುತ್ತಾರೆ. ಅವರ ಮೂಲ ಹೆಸರು ಅಮ್ರ್. ಬರಗಾಲದಲ್ಲಿ ಸಿರಿಯಾದಿಂದ ರೊಟ್ಟಿ ತರಿಸಿ, ಮುರಿದು, ಸಾರಿನಲ್ಲಿ ನೆನೆಸಿ ಜನರಿಗೆ ಉಣಬಡಿಸಿದ್ದರಿಂದ ‘ಮುರಿಯುವವನು’ ಎಂಬರ್ಥದ ಹಾಶಿಮ್ ಎಂಬ ಹೆಸರು ಬಂತು.

ಅದಕ್ಕೂ ಮೊದಲಿನ ಮಕ್ಕಾದ ಒಂದು ಪದ್ಧತಿಯನ್ನು ಇಮಾಮ್ ಕುರ್ತುಬಿಯವರು ತಮ್ಮ ವ್ಯಾಖ್ಯಾನದಲ್ಲಿ ಉಲ್ಲೇಖಿಸಿದ್ದಾರೆ. ಬಡತನಕ್ಕೆ ಸಿಲುಕಿ ಏನೂ ಉಳಿಯದ ಕುಟುಂಬವು ಊರ ಹೊರಗೆ ಹೋಗಿ ಡೇರೆ ಹಾಕಿಕೊಂಡು, ಯಾರ ಮುಂದೆಯೂ ಕೈಚಾಚದೆ, ಅಲ್ಲೇ ಹಸಿದು ಸಾಯುತ್ತಿತ್ತಂತೆ. ಹಾಶಿಮ್ ಈ ಪದ್ಧತಿಯನ್ನು ಕೊನೆಗಾಣಿಸಿದರು. ಶ್ರೀಮಂತರು ಯಾತ್ರೆಯಲ್ಲಿ ಗಳಿಸಿದ ಲಾಭದಲ್ಲಿ ಬಡವರಿಗೂ ಪಾಲು ದೊರೆಯುವಂತೆ ಮಾಡಿದರು.

ಇದನ್ನು ಓದುವಾಗ ನಮ್ಮ ಬೀದಿಗಳನ್ನು ನೆನೆಯದಿರಲು ಸಾಧ್ಯವಿಲ್ಲ. ಇಂದು ಯಾರೂ ಊರ ಹೊರಗೆ ಡೇರೆ ಹಾಕುವುದಿಲ್ಲ. ಆದರೆ ವ್ಯಾಪಾರ ಬಿದ್ದ ಮನುಷ್ಯನು ಶಟರ್ ಎಳೆದುಕೊಂಡು, ಮಸೀದಿಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು, ಸಲಾಮ್ ಹೇಳಿದವರ ಕಣ್ಣು ತಪ್ಪಿಸಿ ಹೊರಟುಹೋಗುವುದನ್ನು ನಾವು ನೋಡುತ್ತಿದ್ದೇವೆ. ಮರ್ಯಾದೆಯ ಭಯದಿಂದ ಒಂಟಿಯಾಗಿ ಮುಳುಗುವುದೂ ಒಂದು ಬಗೆಯ ಡೇರೆಯೇ.

ಮಳೆಗಾಲದಲ್ಲಿ ಮುಚ್ಚುತ್ತಿದ್ದ ಕಡಲು

ನಮ್ಮ ಕನ್ನಡ ನಾಡಿನಲ್ಲೂ ಮಕ್ಕಾವನ್ನು ಹೋಲುವ ಒಂದು ಊರಿತ್ತು. 14ನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಾಗ, ಅಲ್ಲಿಯ ಮುಸ್ಲಿಮರು ಸಮುದ್ರ ವ್ಯಾಪಾರದಿಂದಲೇ ಜೀವಿಸುತ್ತಿದ್ದರೆಂದೂ ಅವರಿಗೆ ಕೃಷಿಭೂಮಿ ಇರಲಿಲ್ಲವೆಂದೂ ಬರೆದನು. ಅದೇ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಹಾಗೂ ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡುದಾಗಿಯೂ ದಾಖಲಿಸಿದನು. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರು ನೆಲೆಸಿದ್ದುದನ್ನೂ ಹೇಳಿದ್ದಾನೆ.

ಈ ಬಂದರುಗಳ ಬದುಕು ಗಾಳಿಯ ಕೈಯಲ್ಲಿತ್ತು. ಜೂನ್ ತಿಂಗಳಲ್ಲಿ ನೈರುತ್ಯ ಮುಂಗಾರು ಅಪ್ಪಳಿಸಿದರೆ ಪಶ್ಚಿಮ ಕರಾವಳಿಯಲ್ಲಿ ಹಾಯಿ ಹಡಗುಗಳ ಸಂಚಾರ ನಿಲ್ಲುತ್ತಿತ್ತು. ಮಳೆ ಹಿಂದೆ ಸರಿದ ಮೇಲೆಯೇ ಮತ್ತೆ ಅರಬ್ ನಾಡಿನ ಹಡಗುಗಳ ಕಾಲ. ಅಂದರೆ ವರ್ಷದ ಮೂರು, ನಾಲ್ಕು ತಿಂಗಳು ಕಡಲೇ ಮುಚ್ಚಿರುತ್ತಿತ್ತು. ಭಟ್ಕಳದ ಮೂಲಕ ವಿಜಯನಗರಕ್ಕೆ ಅರಬ್ ಕುದುರೆಗಳು ಬರುತ್ತಿದ್ದ ಕಾಲದಲ್ಲೂ ಈ ನಿಯಮ ಬದಲಾಗಲಿಲ್ಲ. ಈ ವ್ಯಾಪಾರಿಗಳಿಗೆ ಮಂದಗತಿಯು ಅನಿರೀಕ್ಷಿತ ವಿಪತ್ತಾಗಿರಲಿಲ್ಲ. ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವ ಅತಿಥಿಯಾಗಿತ್ತು. ಇಂದಿಗೂ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷಿದ್ಧ. ಆ ದಿನಗಳಲ್ಲಿ ಮೀನುಗಾರರು ದೋಣಿಯನ್ನು ದುರಸ್ತಿ ಮಾಡುತ್ತಾರೆ, ಬಲೆ ಹೆಣೆಯುತ್ತಾರೆ.

ಹೆಬ್ಬಗೋಡಿಯ ಅಂಗಡಿಗಾರನೂ ತನ್ನ ಮಳೆಗಾಲ ಯಾವುದೆಂದು ಗುರುತಿಸಿಕೊಳ್ಳಬೇಕಾಗಿದೆ. ಅದಕ್ಕೆ ಬೇಕಾದದ್ದು ಎರಡು, ಮೂರು ವರ್ಷಗಳ ಲೆಕ್ಕದ ಪುಸ್ತಕ ಮಾತ್ರ. ಯಾವ ತಿಂಗಳು ಗಲ್ಲಾ ತುಂಬಿತು, ಯಾವ ತಿಂಗಳು ಬರಿದಾಯಿತು ಎಂಬುದನ್ನು ಬರೆದಿಟ್ಟವನಿಗೆ ಮುಂದಿನ ವರ್ಷದ ಕುಸಿತ ಮೊದಲೇ ಕಾಣುತ್ತದೆ. ನಮಗೆ ಇನ್ನೊಂದು ಲೆಕ್ಕವೂ ಇದೆ. ಹಿಜ್ರಿ ವರ್ಷವು ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದ ರಮಝಾನ್ ಮತ್ತು ಈದ್‌ಗಳ ವ್ಯಾಪಾರ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಸರಿಯುತ್ತದೆ. ಎರಡೂ ಪಂಚಾಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವನೇ ಯಾವ ತಿಂಗಳಿಗೆ ಎಷ್ಟು ದಾಸ್ತಾನು ತರಬೇಕೆಂದು ಸರಿಯಾಗಿ ನಿರ್ಧರಿಸಬಲ್ಲನು.

ಬಿತ್ತನೆಯ ಕಾಳನ್ನು ತಿನ್ನಬಾರದು

ಪ್ರವಾದಿ ಯೂಸುಫ್(ಅ)ರ ವೃತ್ತಾಂತ ನಮ್ಮ ಮಕ್ಕಳಿಗೂ ಗೊತ್ತು. ಏಳು ಸಮೃದ್ಧಿಯ ವರ್ಷಗಳು, ಏಳು ಬರದ ವರ್ಷಗಳು. ಸಮೃದ್ಧಿಯಲ್ಲಿ ತಿನ್ನುವಷ್ಟನ್ನು ಮಾತ್ರ ತೆಗೆದುಕೊಂಡು, ಉಳಿದ ಧಾನ್ಯವನ್ನು ತೆನೆಯಲ್ಲೇ ಬಿಡಬೇಕೆಂದು ಅವರು ಸೂಚಿಸಿದರು. ಅದೇ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಬರದ ವರ್ಷಗಳು ಕೂಡಿಟ್ಟದ್ದನ್ನೆಲ್ಲ ತಿಂದುಹಾಕಿದರೂ ಸ್ವಲ್ಪ ಮಾತ್ರ ಕಾಯ್ದಿಡಲ್ಪಡುತ್ತದೆ ಎಂಬ ಮಾತದು. ಅದು ಬಿತ್ತನೆಯ ಕಾಳು ಎಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಏಕೆಂದರೆ ಬರದ ಬಳಿಕ ಮಳೆಯ ವರ್ಷ ಬರುವುದಿದೆ. ಆಗ ಬಿತ್ತಲು ಕಾಳಿಲ್ಲದಿದ್ದರೆ ಮಳೆ ಬಂದೂ ಫಲವಿಲ್ಲ.

ಸಣ್ಣ ವ್ಯಾಪಾರಿಯ ಬಿತ್ತನೆಯ ಕಾಳು ಅವನ ಬಂಡವಾಳ: ಹೊಲಿಗೆ ಯಂತ್ರ, ಬೇಕರಿಯ ಒಲೆ, ಸರಕು ತರುವ ಹಣ, ಅಂಗಡಿಯ ಅಡ್ವಾನ್ಸ್. ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಬಟ್ಟೆ ವ್ಯಾಪಾರಿಯ ಗಲ್ಲಾ ತುಂಬಿದಾಗ ಅದೆಲ್ಲವೂ ಲಾಭವೆಂದು ಮನಸ್ಸಿಗೆ ತೋರುತ್ತದೆ. ವಾಸ್ತವದಲ್ಲಿ ಅದರೊಳಗೆ ಮುಂದಿನ ಮಂದ ತಿಂಗಳುಗಳ ಬಾಡಿಗೆಯೂ ಇದೆ, ಕೆಲಸದ ಹುಡುಗನ ಸಂಬಳವೂ ಇದೆ. ಅದನ್ನು ಅಂದೇ ಬೇರೆಯಾಗಿ ತೆಗೆದಿಟ್ಟವನು ಮಳೆಗಾಲದಲ್ಲಿ ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗಿಲ್ಲ. ತವಕ್ಕುಲ್ ಎಂದರೆ ಮುಂದಾಲೋಚನೆಯನ್ನು ತ್ಯಜಿಸುವುದಲ್ಲ. ಯೋಜನೆ ಹೇಳಿಕೊಟ್ಟವರು ಸ್ವತಃ ಅಲ್ಲಾಹನ ಪ್ರವಾದಿಯಾಗಿದ್ದರು.

ಸಫರ್ ತಿಂಗಳೂ ಮದುವೆಯೂ

ಕೆಲವು ಮಂದಗತಿಗಳು ಮಳೆಯಿಂದ ಬರುತ್ತವೆ, ಕೆಲವು ರಜೆಯಿಂದ. ಇನ್ನು ಕೆಲವನ್ನು ನಾವೇ ಸೃಷ್ಟಿಸಿಕೊಂಡಿದ್ದೇವೆ. ನಮ್ಮ ಸಮುದಾಯದ ಹಲವು ಮನೆಗಳಲ್ಲಿ ಮುಹರ್ರಮ್ ಮತ್ತು ಸಫರ್ ತಿಂಗಳುಗಳಲ್ಲಿ ಮದುವೆ ಮಾಡುವುದಿಲ್ಲ, ಹೊಸ ಅಂಗಡಿ ತೆರೆಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ತಿಂಗಳುಗಳು ಆಷಾಢದ ಸಮೀಪದಲ್ಲೇ ಬರುತ್ತಿವೆ. ಹೀಗಾಗಿ ಮದುವೆಯ ಉಡುಪು ಹೊಲಿಯುವವರಿಗೂ ಅಡುಗೆಯವರಿಗೂ ಎರಡೂ ಕಡೆಯಿಂದ ಕೆಲಸ ನಿಲ್ಲುತ್ತದೆ.

ಸಫರ್ ತಿಂಗಳಿಗೆ ಅಪಶಕುನ ಅಂಟಿಸುವ ನಂಬಿಕೆಯನ್ನು ಪ್ರವಾದಿ(ಸ)ಯವರು ನಿರಾಕರಿಸಿದ್ದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಅಂದಿನ ಅರಬರು ಶವ್ವಾಲ್ ತಿಂಗಳಲ್ಲಿ ಮದುವೆಯಾಗುವುದನ್ನು ಅಶುಭವೆಂದು ಭಾವಿಸಿದ್ದರು. ಆಯಿಶಾ(ರ)ರವರು ತಮ್ಮ ವಿವಾಹ ಶವ್ವಾಲಿನಲ್ಲೇ ನಡೆಯಿತೆಂದು ಹೇಳಿ, ತಮ್ಮ ಬಂಧುಗಳ ಹೆಣ್ಣುಮಕ್ಕಳ ಮದುವೆಯನ್ನು ಅದೇ ತಿಂಗಳಲ್ಲಿ ನಡೆಸಲು ಇಷ್ಟಪಡುತ್ತಿದ್ದರು. ಸಫರ್ ತಿಂಗಳಲ್ಲಿ ಸರಳವಾದ ಒಂದು ನಿಕಾಹ್ ನಡೆದರೆ ಒಂದು ಮೂಢನಂಬಿಕೆ ಅಳಿಯುತ್ತದೆ. ಕೆಲವು ಬಡ ಮನೆಗಳ ಒಲೆಯೂ ಉರಿಯುತ್ತದೆ.

ಸಾಲ, ಕಾಲಾವಕಾಶ ಮತ್ತು ಪಾಲುದಾರಿಕೆ

ಪ್ರವಾದಿ(ಸ)ಯವರು ಮದೀನಾಕ್ಕೆ ಬಂದಾಗ ಅಲ್ಲಿಯ ಜನರು ಒಂದು, ಎರಡು, ಮೂರು ವರ್ಷಗಳ ಮುಂಚೆಯೇ ಹಣ ಕೊಟ್ಟು ಹಣ್ಣುಗಳನ್ನು ಖರೀದಿಸುತ್ತಿದ್ದರು. ಅವರು ಅದನ್ನು ತಡೆಯಲಿಲ್ಲ. ಅಳತೆ, ತೂಕ, ಅವಧಿ ಮೂರೂ ಸ್ಪಷ್ಟವಾಗಿರಬೇಕೆಂದು ವಿಧಿಸಿದರು. ಸುಗ್ಗಿಗೆ ಮುನ್ನ ಕೈ ಖಾಲಿಯಾಗುವ ರೈತನಿಗೆ ಬಡ್ಡಿಯಿಲ್ಲದೆ ಬಂಡವಾಳ ಒದಗಿಸಿದ ಈ ‘ಸಲಮ್’ ಒಪ್ಪಂದ ಇಂದಿಗೂ ಸಾಧ್ಯ. ಶಾಲೆಯೊಂದು ಸಮವಸ್ತ್ರಕ್ಕೆ, ಕಾರ್ಖಾನೆಯೊಂದು ಕಾರ್ಮಿಕರ ಉಡುಪಿಗೆ ಮಂದ ತಿಂಗಳಲ್ಲೇ ಮುಂಗಡ ಕೊಟ್ಟು ಕೆಲಸ ಒಪ್ಪಿಸಿದರೆ, ದರ್ಜಿಗೆ ದುಡಿಮೆ. ಕೊಳ್ಳುವವರಿಗೆ ಕಡಿಮೆ ಬೆಲೆ. ಎಲ್ಲವೂ ಬರಹದಲ್ಲಿರಬೇಕು ಎಂಬುದು ಅಲ್‌ಬಕರ ಅಧ್ಯಾಯದ ಆದೇಶ. ಅದಕ್ಕೆ ಎರಡೇ ವಚನಗಳ ಮೊದಲು, ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂಬ ಆದೇಶವೂ ಇದೆ. ಉದ್ರಿ ಕೊಟ್ಟ ಅಂಗಡಿಯವನಿಗೂ ಬಾಡಿಗೆ ಪಡೆಯುವ ಮನೆಮಾಲೀಕನಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಖಲೀಫಾ ಉಮರ್(ರ)ರ ಕಾಲದಲ್ಲಿ, ಹಿಜ್ರಿ 18ರಲ್ಲಿ, ‘ಬೂದಿಯ ವರ್ಷ’ವೆಂದು ಹೆಸರಾದ ಭೀಕರ ಬರ ಬಂತು. ಅವರು ಹೊರ ಪ್ರಾಂತ್ಯಗಳಿಂದ ಧಾನ್ಯ ತರಿಸಿ ಹಂಚಿದರು. ಜನರಿಗೆ ಸಿಗುವವರೆಗೆ ತಾವೂ ತುಪ್ಪ ಮತ್ತು ಮಾಂಸವನ್ನು ಮುಟ್ಟಲಿಲ್ಲ. ಆ ವರ್ಷದ ಝಕಾತ್ ವಸೂಲಿಯನ್ನು ಮುಂದೂಡಿದರು. ಕೊಡಲಾಗದ ಕಾಲದಲ್ಲಿ ಒತ್ತಾಯಿಸದೆ, ಕೊಡಬಲ್ಲ ಕಾಲಕ್ಕಾಗಿ ಕಾಯುವುದು ಆಡಳಿತದ ವಿವೇಕವಾಗಿತ್ತು. ಝಕಾತ್‌ನ ಎಂಟು ಹಕ್ಕುದಾರ ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಒಂದು ವರ್ಗ ಎಂಬುದನ್ನು ನಮ್ಮ ಜಮಾಅತ್‌ಗಳು ನೆನಪಿಡಬೇಕು. ಅಂಗಡಿ ಮುಚ್ಚಿದ ಮೇಲೆ ಆ ಮನೆಗೆ ಪ್ರತಿ ವರ್ಷ ಆಹಾರದ ಕಿಟ್ ಕೊಡುವುದಕ್ಕಿಂತ, ಮುಚ್ಚುವ ಮೊದಲೇ ಎರಡು ತಿಂಗಳ ಬಾಡಿಗೆಗೆ ಕರ್ಝೆ ಹಸನ ಕೊಡುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ವ್ಯಾಪಾರ ಮಂದವಾದಾಗ ಕುಳಿತಲ್ಲೇ ಬರುವ ಆದಾಯದ ಆಸೆ ಹೆಚ್ಚುತ್ತದೆ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಸಂಸ್ಥೆಯೊಂದು ಕುಸಿದಾಗ, ಸಾವಿರಾರು ಮುಸ್ಲಿಮ್ ಕುಟುಂಬಗಳು ಮಗಳ ಮದುವೆಗೆಂದು ಕೂಡಿಟ್ಟ ಉಳಿತಾಯವನ್ನೂ ಕಳೆದುಕೊಂಡವು. ಖದೀಜಾ(ರ)ರವರ ಬಂಡವಾಳದೊಂದಿಗೆ ಪ್ರವಾದಿ(ಸ)ಯವರು ಸಿರಿಯಾಕ್ಕೆ ಹೋದಾಗ ಅಲ್ಲಿ ಸರಕಿತ್ತು, ಪ್ರಯಾಣವಿತ್ತು, ನಷ್ಟದ ಸಾಧ್ಯತೆಯೂ ಇತ್ತು. ನಷ್ಟವೇ ಇಲ್ಲದ, ಋತುವೇ ಇಲ್ಲದ ವ್ಯಾಪಾರ ಜಗತ್ತಿನಲ್ಲಿಲ್ಲ. ಪ್ರತಿ ತಿಂಗಳೂ ತಪ್ಪದೆ ಲಾಭ ಕೊಡುತ್ತೇವೆನ್ನುವವರನ್ನು ಆ ಒಂದು ಕಾರಣಕ್ಕಾಗಿಯೇ ಸಂಶಯಿಸಬೇಕು.

ಖಾಲಿ ಅಂಗಡಿಯ ಹೊತ್ತು

ಮದೀನಾದಲ್ಲಿ ಅಭಾವವಿದ್ದ ಒಂದು ಶುಕ್ರವಾರ, ಜುಮಾ ನಡೆಯುತ್ತಿದ್ದಾಗಲೇ ಆಹಾರ ಹೊತ್ತ ಸಾರ್ಥ ಬಂತು. ಜನರು ಅತ್ತ ಧಾವಿಸಿದರು. ಪ್ರವಾದಿ(ಸ)ಯವರೊಂದಿಗೆ ಹನ್ನೆರಡು ಮಂದಿ ಉಳಿದರೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ಆ ಸಂದರ್ಭದಲ್ಲಿ ಅವತೀರ್ಣವಾದ ವಚನವು, ಅನ್ನದಾತರಲ್ಲಿ ಅಲ್ಲಾಹನೇ ಶ್ರೇಷ್ಠನೆಂದು ನೆನಪಿಸಿತು. ಅದರ ಹಿಂದಿನ ವಚನವು ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಹರಡಿ ಅವನ ಅನುಗ್ರಹವನ್ನು ಅರಸಲು ಹೇಳಿತ್ತು. ಇಸ್ಲಾಮ್ ಮಾರುಕಟ್ಟೆಯನ್ನು ಮುಚ್ಚಿಸಲಿಲ್ಲ. ಅದರ ಸ್ಥಾನವನ್ನು ತೋರಿಸಿತು.

ಎಲ್ಲವನ್ನೂ ಬಿಟ್ಟು ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನು ಕೊಡಲು ಮುಂದಾದರು. ಅವರು ಸಅದ್‌ರಿಗಾಗಿ ಬರಕತ್ ಬೇಡಿ, ಮಾರುಕಟ್ಟೆಯ ದಾರಿಯನ್ನು ಮಾತ್ರ ಕೇಳಿದರು. ಗಿಣ್ಣು ಮತ್ತು ತುಪ್ಪದ ವ್ಯಾಪಾರದಿಂದ ಮತ್ತೆ ಎದ್ದು ನಿಂತರು. ಈ ಘಟನೆಯಲ್ಲಿ ಇಬ್ಬರೂ ಮಾದರಿಗಳು. ಮಂದ ತಿಂಗಳಲ್ಲಿರುವ ವ್ಯಾಪಾರಿಗೆ ಅಬ್ದುರ್ರಹ್ಮಾನರ ಸ್ವಾಭಿಮಾನ ಬೇಕು, ಅವನ ನೆರೆಯವನಿಗೆ ಸಅದ್‌ರ ತೆರೆದ ಕೈ ಬೇಕು. ಇವೆರಡೂ ಇರುವ ಬೀದಿಯಲ್ಲಿ ಯಾರೂ ಒಂಟಿಯಾಗಿ ಶಟರ್ ಎಳೆಯಬೇಕಾಗುವುದಿಲ್ಲ.

ನಮ್ಮ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ. ನಮ್ಮ ಸಮೃದ್ಧಿಯ ದಿನಗಳಲ್ಲಿ ನೆರೆಯವರ ಬರದ ದಿನಗಳನ್ನು ಮರೆಯದವರಾಗಿ ನಮ್ಮನ್ನು ಮಾಡಲಿ. ಆಮೀನ್.